ಇಪ್ಪತ್ತಮೂರನೆಯ ಹೆಸರು

“ಇನ್ನೊಂದ್ಸಲ ಎಣ್ಸಪ್ಪಾ,” ಎಂದಳು ಇಂದ್ರಾಣಿ.

ಸುಧಾಕರ್ ಕಂಪ್ಯೂಟರಿನ ಪರದೆಗೆ ಪೆನ್ನಿನ ತುದಿ ತಾಗಿಸಿ, ಒಂದೊಂದೇ ಹೆಸರಿನ ಮೇಲೆ ಇಳಿಸುತ್ತಾ ಬಂದ. ಮೂರನೆಯ ಸಲವೂ ಪೆನ್ನು ಅದೇ ಲೆಕ್ಕಕ್ಕೆ ನಿಂತಿತು.

“ಇಪ್ಪತ್ತೆರಡೇ ಮೇಡಂ.”

“ಮೇಲೆ ಏನಂತ ಬರ್ದೈತೆ?”

“ನೇರಳಗುಂಟೆ, ಇಪ್ಪತ್ಮೂರು ಮಂದಿ.”

ಬಂಗಾರಪೇಟೆಯ ರೈಲ್ವೆ ಗೇಟಿನ ಪಕ್ಕದ ಆ ಅಂಗಡಿಯಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಬರುತ್ತಿರಲಿಲ್ಲ. ಇಂದ್ರಾಣಿ ಸೆರಗಿನಿಂದ ಕತ್ತು ಒರೆಸಿಕೊಂಡಳು. ಆ ಪಟ್ಟಿ ಬರೆದಿದ್ದ ಕೋದಂಡಪ್ಪನವರ ಹೆಣ ಊರಿಗಾಂನ ಸೈನೈಡ್ ದಿಬ್ಬದ, ಅಂದರೆ ಚಿನ್ನದ ಗಣಿಯ ಹಳೆಯ ಮರಳು ಗುಡ್ಡೆಯ, ಬುಡದಲ್ಲಿ ಸಿಕ್ಕಿ ಹತ್ತೊಂಬತ್ತು ದಿನವಾಗಿತ್ತು. ಕಾಲು ಜಾರಿ ಬಿದ್ದರು ಎಂದು ಬರೆದು ಪೊಲೀಸರು ಫೈಲು ಮುಚ್ಚಿದ್ದರು.

ಅವರ ಹೆಂಡತಿ ಮುನಿನಾರಾಯಣಮ್ಮ ಮಾತ್ರ ಅದನ್ನು ನಂಬಿರಲಿಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಿ ಟೈಲರ್ ಅಂಗಡಿಯ ಮೇಲಿರುವ ಇಂದ್ರಾಣಿಯ ಒಂಟಿ ಕೋಣೆಗೆ ಬಂದು ಕೂತು, ಆಕೆ ಕೇಳಿದ್ದು ಒಂದೇ ಪ್ರಶ್ನೆ: “ಅಟ್ಟಿ ಮುಂದ್ಲು ಮೆಟ್ಲು ಅತ್ತಕ್ಕೇ ಏದುಸಿರು ಬಿಡೋ ಮನ್ಸ, ಆ ದಿಬ್ಬ ಯಾಕತ್ತಿದ? ಯಾರು ಅತ್ಸಿದ್ರು?”

ಮೂವತ್ತೊಂದು ವರ್ಷ ಪೊಲೀಸ್ ಕೆಲಸ ಮಾಡಿ, ಎಎಸ್‌ಐ ಆಗಿ ನಿವೃತ್ತಿಯಾದ ಇಂದ್ರಾಣಿಗೆ ಈಗ ಯಾರ ಪ್ರಶ್ನೆಯೂ ಬೇಡವಾಗಿತ್ತು. ಮಂಡಿ ನೋವು, ಬಿಪಿ ಮಾತ್ರೆ, ಮಧ್ಯಾಹ್ನದ ಒಂದು ನಿದ್ದೆ ಇಷ್ಟೇ ಸಾಕು ಎನ್ನಿಸಿತ್ತು. ಆದರೂ ಒಪ್ಪಿಕೊಂಡಿದ್ದಳು. ಆ ಹೆಂಗಸು ಅತ್ತಿರಲಿಲ್ಲ, ಅದಕ್ಕೆ.

“ಅದ್ರಲ್ಲೇನ್ ಸಿಗುತ್ತೆ ಮೇಡಂ?” ಹಿಂದಿನ ಕುರ್ಚಿಯಲ್ಲಿದ್ದ ಕಲ್ಪನ ಕೇಳಿದಳು. ಕೋದಂಡಪ್ಪನವರ ಒಬ್ಬಳೇ ಮಗಳು. ಖಾಸಗಿ ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿ ಕೆಲಸ. ತಾಯಿಗೆ ದಿನವೂ ಓಡಾಡಲು ಆಗುವುದಿಲ್ಲವೆಂದು ಇಂದ್ರಾಣಿಯ ಜೊತೆಗೆ ಬರುತ್ತಿದ್ದಳು. “ಅಪ್ಪನ ಹವ್ಯಾಸ ಅದು. ಸುಮ್ನೆ ಒಂದು ವೆಬ್‌ಸೈಟು. ಲೆಕ್ಕ ತಪ್ಪಿ ಬರ್ದಿರ್ಬೋದು.”

“ಗಣಿ ಟೈಮ್ ಆಫೀಸ್‌ನಾಗೆ ಇಪ್ಪತ್ತೆಂಟು ವರ್ಷ ಆಜರಿ ಬರ್ದಿರೋ ಮನ್ಸ, ಇಪ್ಪತ್ಮೂರು ತಲೆ ಎಣ್ಸಕ್ಕೆ ತಪ್ತಾರಾ?”

ಕಲ್ಪನ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದಳು.

ಗಣಿ ಮುಚ್ಚಿದ ಮೇಲೆ ಕೋದಂಡಪ್ಪ ಎರಡು ಹಸು ಕಟ್ಟಿಕೊಂಡು ಊರಿನಲ್ಲಿದ್ದವರು. ಹಾಲು ಹಾಕಿ ಬಂದ ಮೇಲೆ ಉಳಿಯುವ ಹಗಲನ್ನು ಏನು ಮಾಡುವುದೆಂದು ತಿಳಿಯದೆ, ಹದಿನಾಲ್ಕು ವರ್ಷದ ಹಿಂದೆ ಒಂದು ವೆಬ್‌ಸೈಟು ಮಾಡಿಸಿಕೊಂಡರು. ‘ಕೋದಂಡಪ್ಪನ ಪುಟಗಳು’ ಎಂದೇ ಅದರ ಹೆಸರು. ಸುತ್ತಲ ಹಳ್ಳಿಗಳಿಗೆ ಸೈಕಲ್ಲಿನಲ್ಲಿ ಹೋಗುವುದು, ಯಾರದಾದರೂ ಜಗಲಿಯ ಮೇಲೆ ಕೂರುವುದು, ಅವರು ಹೇಳಿದ್ದನ್ನು ಬರೆದುಕೊಂಡು ಬಂದು ಒಂದು ಪುಟ ಹಾಕುವುದು. ಗಣಿಗಿಳಿದವರು, ಸೂಲಗಿತ್ತಿಯರು, ಮೇಷ್ಟ್ರುಗಳು, ಬಾವಿ ತೋಡುವವರು. ನಾನೂರ ಹನ್ನೆರಡು ಜನ.

“ಮೊದ್ಲು ಇದು ಒಂದೇ ಉದ್ದ ಪಟ್ಟಿ ಮೇಡಂ,” ಎಂದ ಸುಧಾಕರ್. ಮದುವೆ ಪತ್ರಿಕೆ, ಆಧಾರ್ ತಿದ್ದುಪಡಿ, ಪಹಣಿ ಪ್ರಿಂಟು, ಇವುಗಳ ನಡುವೆ ಕೋದಂಡಪ್ಪನವರ ಕೆಲಸವೊಂದನ್ನೇ ಅವನು ಇಷ್ಟಪಟ್ಟು ಮಾಡಿದ್ದಂತೆ ಕಾಣುತ್ತಿತ್ತು. “ಬರೆದ ತಾರೀಖಿನ ಪ್ರಕಾರ ಒಂದರ ಕೆಳಗೊಂದು. ಯಾರಾದ್ರೂ ತಮ್ಮ ತಾತನ ಬಗ್ಗೆ ಓದ್ಬೇಕು ಅಂದ್ರೆ ಬೆರಳು ಸವೆಯೋವರೆಗೂ ಕೆಳಗೆ ತಳ್ಬೇಕಿತ್ತು. ನಾನೇ ಹೇಳ್ದೆ, ಸರ್, ಊರಿನ ಪ್ರಕಾರ ಜೋಡಿಸೋಣ, ಊರೊಳಗೆ ಅಕ್ಷರದ ಪ್ರಕಾರ, ಮೇಲೊಂದು ಮೆನು ಇಡೋಣ ಅಂತ. ಎರಡು ತಿಂಗಳು ಹಿಡೀತು. ಪ್ರತಿ ಸೋಮವಾರ ಬಂದು ಆ ಕುರ್ಚಿ ಮೇಲೆ ಕೂರೋರು.”

ಅವನು ತೋರಿಸಿದ್ದು ಕಲ್ಪನ ಕೂತಿದ್ದ ಕುರ್ಚಿಯನ್ನು.

“ಅವ್ರು ಒಂದೇ ಕಂಡೀಷನ್ ಹಾಕಿದ್ರು. ‘ಮುದುಕಿ ಕೂಡ ಮೂರು ಸಲ ಒತ್ತೋದ್ರೊಳಗೆ ತನ್ನ ಮಗನ ಹತ್ರ ಬಂದು ಸೇರ್ಬೇಕು ಸುಧಾಕರ್. ಮೂರಕ್ಕಿಂತ ಜಾಸ್ತಿ ಬೇಡ.’ ಊರು ಒತ್ತು, ಅಕ್ಷರ ಒತ್ತು, ಹೆಸರು ಒತ್ತು. ಅಷ್ಟೇ.”

“ಈ ನಂಬರು ಕಂಪ್ಯೂಟರ್ ತಾನಾಗೇ ಆಕ್ತದಾ?”

“ಇಲ್ಲ, ಅದು ಅವರು ಕೈಯಾರೆ ಬರೆದಿದ್ದು. ಪುಟದ ಕೆಳಗಿರೋ ‘ಹಿಂದಿನದು’, ‘ಮುಂದಿನದು’ ಅನ್ನೋ ಕೊಂಡಿಗಳೂ ಅಷ್ಟೇ. ತಾನಾಗಿ ಬರೋ ಹಾಗೆ ಮಾಡ್ತೀನಿ ಅಂದ್ರೆ ಬೇಡ, ನಾನೇ ಒಬ್ಬೊಬ್ಬರನ್ನೂ ನೋಡ್ಕೊಂಡು ಜೋಡಿಸ್ಬೇಕು ಅಂದ್ರು.”

ಇಂದ್ರಾಣಿ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ಕಂಪ್ಯೂಟರು ಅವಳಿಗೆ ಅಷ್ಟಕ್ಕಷ್ಟೆ. ಆದರೆ ಠಾಣೆಯಲ್ಲಿ ಕಾಣೆಯಾದವರ ರಿಜಿಸ್ಟರನ್ನು ಒಂಬತ್ತು ವರ್ಷ ನೋಡಿಕೊಂಡವಳು. ಸೂಚಿಯಲ್ಲಿ ಹೆಸರು ಹೊಡೆದುಹಾಕಿದರೂ ಒಳಗಿನ ಹಾಳೆ ಎಷ್ಟೋ ಸಲ ಹಾಗೇ ಉಳಿದಿರುತ್ತಿತ್ತು.

“ಕಟ್ಟಕಡೇ ಹೆಸ್ರು ಒತ್ತು. ಅಲ್ಲಿಂದ ‘ಹಿಂದಿನದು’, ‘ಹಿಂದಿನದು’ ಅಂತ ಮೇಲಕ್ಕೆ ಬತ್ತಾ ಓಗು. ಒಂದೊಂದು ಪುಟ ಬಂದಂಗೂ ಪಟ್ಟಿನಾಗೆ ಆ ಹೆಸ್ರು ಐತಾ ಅಂತ ಈಯಮ್ಮ ನೋಡ್ಲಿ.”

ಕಲ್ಪನ ಎದ್ದು ಬಂದು ಹಿಂದೆ ನಿಂತಳು. ವೆಂಕಟರವಣಪ್ಪ ಇದ್ದ. ರಾಧ ಇದ್ದಳು. ಮುನಿಶಾಮಮ್ಮ ಇದ್ದಳು. ಮುನಿರಾಜ್ ಮೇಷ್ಟ್ರು ಇದ್ದರು.

ಸುಧಾಕರ್ ಮತ್ತೆ ‘ಹಿಂದಿನದು’ ಒತ್ತಿದ. ತೆರೆದ ಪುಟದ ಮೇಲಿದ್ದ ಹೆಸರು, ‘ಮುನಿರಾಜ’.

“ಇವ್ರು ಆಗ್ಲೇ ಬಂದ್ರಲ್ಲ,” ಎಂದಳು ಕಲ್ಪನ, ತುಸು ಅವಸರದಲ್ಲಿ.

“ಬಂದೋರು ಮುನಿರಾಜ್ ಮೇಷ್ಟ್ರು. ಈತ ಬೇರೆ.” ಇಂದ್ರಾಣಿ ಕನ್ನಡಕ ಸರಿಮಾಡಿಕೊಂಡಳು. “ಪಟ್ಟಿನಾಗೆ ಐತಾ?”

ಸುಧಾಕರ್ ನೋಡಿದ. ಇರಲಿಲ್ಲ.

ಪುಟದಲ್ಲಿ ಒಂದು ಹಳೆಯ ಫೋಟೋ ಇತ್ತು. ತೆಳ್ಳಗಿನ ಹುಡುಗ, ಎಣ್ಣೆ ಹಚ್ಚಿ ಒಪ್ಪವಾಗಿ ಬಾಚಿದ ಕೂದಲು, ಕುತ್ತಿಗೆಯವರೆಗೂ ಗುಂಡಿ ಹಾಕಿದ ಅಂಗಿ. ಕೆಳಗೆ ಕೋದಂಡಪ್ಪ ಬರೆದಿದ್ದರು:

*ಮುನಿರಾಜ, ತಂದೆ ಕದಿರಪ್ಪ, ನೇರಳಗುಂಟೆ. ಹುಟ್ಟಿದ್ದು ೧೯೬೧. ಊರಿನಲ್ಲಿ ಮೊದಲು ಎಸ್ಸೆಸ್ಸೆಲ್ಸಿ ಪಾಸಾದವನು. ೧೯೮೨ರಲ್ಲಿ ಕಾಮಾಲೆಯಿಂದ ತೀರಿಕೊಂಡ. ಇದನ್ನು ಹೇಳಿದವರು ಅವನ ತಾಯಿ ಚಿಕ್ಕವೆಂಕಟಮ್ಮ. ಅವರಿಗೆ ಇದ್ದವನು ಒಬ್ಬನೇ ಮಗ.*

“ಮೇಷ್ಟ್ರು ಪುಟಕ್ಕೆ ಓಗು,” ಎಂದಳು ಇಂದ್ರಾಣಿ.

ಸುಧಾಕರ್ ಹೋದ. ಈ ಫೋಟೋದಲ್ಲಿ ಬೋಳುತಲೆಯ, ಶಾಲು ಹೊದ್ದ ಹಿರಿಯರೊಬ್ಬರಿದ್ದರು.

*ಮುನಿರಾಜ್ ಮೇಷ್ಟ್ರು, ತಂದೆ ಕದಿರಪ್ಪ, ನೇರಳಗುಂಟೆ. ಹುಟ್ಟಿದ್ದು ೧೯೬೧. ಮೂವತ್ತೈದು ವರ್ಷ ಪಾಠ ಹೇಳಿ ನಿವೃತ್ತರಾಗಿ, ಈಗ ರಾಬರ್ಟ್‌ಸನ್‌ಪೇಟೆಯಲ್ಲಿ ನೆಲೆಸಿದ್ದಾರೆ.*

ಹೊರಗೆ ಗೇಟು ಬಿದ್ದು, ಲಾರಿಯೊಂದು ಬೇಸರದಿಂದ ಹಾರನ್ ಮಾಡುತ್ತಿತ್ತು.

“ಎರಡೂ ಅವ್ರೇ ಬರೆದಿದ್ದು,” ಸುಧಾಕರ್ ನಿಧಾನವಾಗಿ ಹೇಳಿದ. “ಆದ್ರೆ ಒಂಬತ್ತು ವರ್ಷದ ಅಂತರ. ಮೊದಲನೇದು ೨೦೧೩, ಇದು ೨೦೨೨. ಹಳೇ ಪಟ್ಟೀಲಿ ಇವೆರಡರ ಮಧ್ಯೆ ಇನ್ನೂರು ಪುಟ ಇತ್ತು. ನಾವು ಊರಿನ ಪ್ರಕಾರ ಜೋಡಿಸಿದ ಮೇಲೇ ಒಂದರ ಪಕ್ಕ ಒಂದು ಬಂದು ಕೂತಿದ್ದು.”

“ಅವತ್ತು ಏನಾದ್ರೂ ಅಂದ್ರಾ?”

“ಸುಮ್ನೆ ನೋಡ್ತಾ ಕೂತ್ರು. ಟೀ ತರಿಸಿದ್ದೆ, ಕುಡೀಲಿಲ್ಲ. ಆಮೇಲೆ ‘ಇವತ್ತಿಗೆ ಸಾಕು’ ಅಂತ ಎದ್ದೋದ್ರು. ಅದೇ ಕೊನೇ ಸೋಮವಾರ.”

“ಪಟ್ಟಿಯಿಂದ ಈ ಹುಡುಗನ್ನ ತೆಗ್ದಿದ್ದು ಯಾವಾಗ?”

ಸುಧಾಕರ್ ಇನ್ನೊಂದು ಕಿಟಕಿ ತೆರೆದು, ತಾರೀಖುಗಳ ಸಾಲನ್ನು ಕೆಳಗೆ ತಳ್ಳಿದ. ಅವನ ಕೈ ನಿಂತುಹೋಯಿತು.

“ಹನ್ನೊಂದನೇ ತಾರೀಖು. ಬೆಳಿಗ್ಗೆ ಹತ್ತು ಐವತ್ತಕ್ಕೆ. ಕೋದಂಡಪ್ಪನವರ ಹೆಸರಲ್ಲೇ ಒಳಗೆ ಹೋಗಿ, ‘ಮೆನುವಿನಲ್ಲಿ ತೋರಿಸು’ ಅನ್ನೋ ಗುರುತು ತೆಗೆದಿದ್ದಾರೆ.” ಅವನು ತಿರುಗಿ ನೋಡಿದ. “ಅವ್ರು ಹೋಗಿದ್ದು ಎಂಟನೇ ತಾರೀಖಲ್ವಾ ಮೇಡಂ?”

“ಪಾಸ್‌ವರ್ಡ್ ಯಾರತ್ರ ಇತ್ತು?”

“ಅವ್ರ ಹತ್ರ. ನನ್ನ ಹತ್ರ.” ಹೇಳಿದ ಮೇಲೆ ಆ ಮಾತಿನ ಅರ್ಥ ಅವನಿಗೇ ಹೊಳೆಯಿತು. “ನಾನು ತೆಗೆದಿಲ್ಲ ಮೇಡಂ! ನಾನು ತೆಗೆದಿದ್ರೆ ನನ್ನ ಹೆಸರಲ್ಲಿ ಬರ್ತಿತ್ತು. ಪುಟಾನೇ ಅಳಿಸಿ, ಕೊಂಡೀನೂ ಸರಿ ಮಾಡಿರ್ತಿದ್ದೆ. ಇದು ಅರ್ಧಂಬರ್ಧ ಗೊತ್ತಿರೋರ ಕೆಲಸ.”

ಇಂದ್ರಾಣಿಗೂ ಹಾಗೇ ಅನ್ನಿಸಿತು. ಗುರುತು ತೆಗೆದವರಿಗೆ ಪುಟವನ್ನು ಪೂರಾ ಕೊಲ್ಲುವ ಮನಸ್ಸಿರಲಿಲ್ಲ, ಅಥವಾ ಧೈರ್ಯವಿರಲಿಲ್ಲ.

“ಅಪ್ಪ ಎಲ್ಲಾನೂ ಡೈರೀಲಿ ಬರ್ದಿಡ್ತಿದ್ರು,” ಎಂದಳು ಕಲ್ಪನ ನೆಲ ನೋಡುತ್ತಾ. “ಡೈರಿ ಟಿವಿ ಪಕ್ಕದಲ್ಲೇ ಇರುತ್ತೆ. ಹನ್ನೊಂದನೇ ತಾರೀಖು ಸಮಾಧಿಗೆ ಹಾಲುತುಪ್ಪ ಬಿಡೋ ಶಾಸ್ತ್ರ. ಮನೆ ತುಂಬ ಜನ.”

“ಎರಡೂ ಪುಟ ಪ್ರಿಂಟ್ ಕೊಡಪ್ಪ,” ಎಂದು ಇಂದ್ರಾಣಿ ಮೇಜು ಹಿಡಿದುಕೊಂಡು ಎದ್ದಳು. ಮಂಡಿ ಕಟಕ್ಕೆಂದಿತು.

*

ರಾಬರ್ಟ್‌ಸನ್‌ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಆಟೋ ಹಿಡಿದಾಗ ನಾಲ್ಕು ಗಂಟೆ. ಮೇಷ್ಟ್ರ ಮನೆ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ, ಪಾತ್ರೆ ಅಂಗಡಿಯೊಂದರ ಮೇಲೆ.

ಕಲ್ಪನ ಆಟೋದಿಂದ ಇಳಿಯಲಿಲ್ಲ. “ತಲೆ ಸಿಡೀತಾ ಇದೆ ಮೇಡಂ. ನೀವೇ ಹೋಗ್ಬನ್ನಿ.”

“ಕಾಯ್ತೀಯೇನಪ್ಪ?” ಎಂದು ಇಂದ್ರಾಣಿ ಆಟೋದವನನ್ನು ಕೇಳಿದಳು.

“ನೀಂಗ ಪೋಯಿಟ್ಟು ವಾಂಗ ಅಕ್ಕಾ. ಹೋಗ್ಬನ್ನಿ, ವೆಯ್ಟ್ ಮಾಡ್ತೀನಿ,” ಎಂದು ಅವನು ಸೀಟಿನ ಮೇಲೇ ಕಾಲು ಚಾಚಿದ.

ಹದಿನೆಂಟು ಮೆಟ್ಟಿಲು. ಒಂಬತ್ತಕ್ಕೊಮ್ಮೆ ನಿಂತು ಇಂದ್ರಾಣಿ ಉಸಿರು ತೆಗೆದುಕೊಂಡಳು. ಕೋದಂಡಪ್ಪ ಈ ಮೆಟ್ಟಿಲುಗಳನ್ನೇ ಹೇಗೆ ಹತ್ತಿರಬಹುದು ಎಂಬ ಯೋಚನೆ ಬಂತು.

ಬಾಗಿಲು ತೆರೆದವರು ಮೇಷ್ಟ್ರೇ. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೆಸರು ಕೇಳಿ ಒಳಗೆ ಕರೆದು, ನೀರು ಕೊಟ್ಟು, ಎದುರಿಗೆ ಕೂತರು. ನೋಡಿದರೆ ಭಯವಿದ್ದಂತೆ ಕಾಣಲಿಲ್ಲ. ಬಹಳ ದಿನದಿಂದ ನಿದ್ದೆ ಮಾಡದವರ ಹಾಗೆ ಕಣ್ಣು ಮಾತ್ರ ಒಳಗೆ ಹೋಗಿದ್ದವು.

ಇಂದ್ರಾಣಿ ಎರಡು ಹಾಳೆಗಳನ್ನೂ ಟೀಪಾಯಿಯ ಮೇಲೆ ಪಕ್ಕಪಕ್ಕ ಇಟ್ಟಳು.

ಮೇಷ್ಟ್ರು ಹುಡುಗನ ಹಾಳೆಯನ್ನು ಕೈಗೆತ್ತಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ‘ಕಾಮಾಲೆ’ ಎಂಬಲ್ಲಿ ಬೆರಳು ನಿಂತಿತು. ಮುಂದಕ್ಕೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು.

“ಇದನ್ನು ನನಗೆ ಕೋದಂಡಪ್ಪನವರೇ ತೋರಿಸಿದರು,” ಎಂದರು. ಪಾಠದ ಕನ್ನಡ, ಒಂದೊಂದು ಅಕ್ಷರವೂ ಸ್ಪಷ್ಟ. “ತಮ್ಮ ಫೋನಿನಲ್ಲಿ. ನೀವು ಕೂತಿರುವ ಜಾಗದಲ್ಲೇ ಕೂತು.”

“ಯಾವತ್ತು?”

“ಎಂಟನೇ ತಾರೀಖು. ಬೆಳಿಗ್ಗೆ ಹತ್ತು ಗಂಟೆಗೆ ಬಂದರು.”

ಇಂದ್ರಾಣಿ ಮುಂದಿನ ಪ್ರಶ್ನೆಯನ್ನು ತಡೆಹಿಡಿದಳು. ತಾನಾಗಿ ಮಾತಾಡುವವರನ್ನು ಮಾತಾಡಲು ಬಿಡಬೇಕು.

“ನಿಮಗೆ ಈಗ ಏನು ಬೇಕು ಮೇಡಂ? ನಾನು ಯಾರು ಅಂತಲೇ?”

“ನೀವು ಮುನಿರಾಜ ಅಲ್ಲ.”

“ಅಲ್ಲ.”

ಇಷ್ಟು ಸಲೀಸಾಗಿ ಬರುತ್ತದೆಂದು ಇಂದ್ರಾಣಿ ಎಣಿಸಿರಲಿಲ್ಲ.

“ವೇಣು,” ಎಂದರು ಅವರು. ಹೇಳಿ, ಆ ಹೆಸರು ಇನ್ಯಾರಿಗೋ ಸೇರಿದ್ದೇನೋ ಎಂಬಂತೆ ಕಿವಿಗೊಟ್ಟರು. “ನಲವತ್ಮೂರು ವರ್ಸ ಆಯ್ತು, ಈ ಎಸ್ರು ಬಾಯಾಗೆ ಬಂದು.”

ಪಾಠದ ಕನ್ನಡ ಹೊರಟುಹೋಗಿತ್ತು. ಎದುರಿಗೆ ಈಗ ಯಾವುದೋ ಹಳ್ಳಿಯ ಮನುಷ್ಯ ಕೂತಿದ್ದ.

“ನಾವಿಬ್ರೂ ಆಸ್ಟೆಲ್‌ನಾಗೆ ಒಂದೇ ರೂಮು. ಅವ್ನು ಒಂದೇ ಏಟಿಗೆ ಪಾಸು. ನಾನು ಲೆಕ್ಕದಾಗೆ ಎರಡು ಸಲ ಡುಮ್ಕಿ. ಅವ್ನು ಕಾಮಾಲೆ ಬಂದು ಸತ್ತಾಗ ಮಣ್ಣಿಗೆ ಓಗಿದ್ದೆ. ಮಣ್ಣು ಮಾಡಿ ಬಂದ್ಮೇಲೆ ಅವ್ರಮ್ಮ ಅವ್ನ ತಗಡಿನ ಪೆಟ್ಗೆ ತಂದು ನನ್ನ ಮುಂದಿಟ್ಲು. ‘ತಗೊಂಡೋಗಪ್ಪಾ, ಇದ್ರಾಗೆ ಬುಕ್ಕವೆ, ನೀನಾದ್ರೂ ಓದ್ಕೋ’ ಅಂದ್ಲು.” ಅವರು ಹಾಳೆಯನ್ನು ಮಡಿಲಲ್ಲಿಟ್ಟುಕೊಂಡರು. “ಬುಕ್ಕಿನ ತಳದಾಗೆ ಸರ್ಟಿಫಿಕೇಟಿತ್ತು. ವಾಪಸ್ ಕೊಟ್ಬಿಡಾನ ಅಂತ ಎರಡು ಸಲ ಊರು ಬಾಗ್ಲವರ್ಗೂ ಓಗಿದ್ದೆ ಮೇಡಂ. ಆಮೇಲೆ ಮೇಷ್ಟ್ರು ಟ್ರೈನಿಂಗ್‌ಗೆ ಅರ್ಜಿ ಕರೆದ್ರು.”

“ಮತ್ತೆ ಕೋದಂಡಪ್ಪಂಗೆ ಯಾಕೆ ಅದೇ ಊರು, ಅದೇ ತಂದೆ ಎಸ್ರು ಏಳಿದ್ರಿ?”

“ಕೇಳಿದೋರಿಗೆಲ್ಲ ಅದ್ನೇ ಏಳಿ ಏಳಿ ಅಭ್ಯಾಸ ಆಗೋಗಿತ್ತು. ಅವ್ರು ಆ ತಾಯಿ ಅತ್ರಾನೂ ಕೂತು ಬರ್ಕೊಂಡಿದ್ರು ಅಂತ ನಂಗೇನು ಗೊತ್ತು?”

ಬೀದಿಯಲ್ಲಿ ಯಾರೋ ಪಾತ್ರೆಗಳನ್ನು ಜೋಡಿಸುತ್ತಿದ್ದರು. ಸ್ಟೀಲಿನ ಸದ್ದು ಕಿಟಕಿಯಿಂದ ಒಳಗೆ ಬರುತ್ತಿತ್ತು.

“ಆ ತಾಯಿ ಇನ್ನೂ ಬದ್ಕವ್ಳಾ?”

“ಎಂಬತ್ಮೂರು ವರ್ಸ. ನೇರಳಗುಂಟೆನಾಗೇ. ಕೋದಂಡಪ್ಪ ಕೇಳಿದ್ದು ಅದೊಂದೇ. ‘ಓಗಿ ಒಂದ್ಮಾತು ಏಳ್ಬುಡಪ್ಪಾ. ನಾನಂತೂ ಪೊಲೀಸ್ರತ್ರ ಓಗಲ್ಲ. ಆದ್ರೆ ಒಂದಕ್ಷರಾನೂ ತೆಗಿಯಲ್ಲ. ಇಬ್ರ ಎಸ್ರೂ ಅಕ್ಕಪಕ್ಕ ಇರ್ತವೆ. ಯಾರಾದ್ರೂ ನೋಡೋ ಮುಂಚೆ ನೀನೇ ಏಳ್ಬುಡು.’”

“ನೀವೇನಂದ್ರಿ?”

“ಯುಗಾದಿ ಆಗ್ಲಿ ಅಂದೆ.”

ಇಂದ್ರಾಣಿ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡಳು. ಅವಳು ಎಷ್ಟೋ ತಪ್ಪೊಪ್ಪಿಗೆಗಳನ್ನು ಕೇಳಿದ್ದಳು. ಹೆಚ್ಚಿನವರು ಹೇಳಿದ ಮೇಲೆ ಹಗುರಾಗುತ್ತಿದ್ದರು. ಈ ಮನುಷ್ಯ ಇನ್ನಷ್ಟು ಕುಗ್ಗಿ ಕುರ್ಚಿಯೊಳಗೆ ಇಳಿದಂತೆ ಕಂಡರು.

“ಮೇಷ್ಟ್ರೇ, ಬಿಚ್ಚಿ ಏಳ್ತೀನಿ ಕೇಳಿ. ನಿಮ್ಮ ಗುಟ್ಟು ಗೊತ್ತಿದ್ದೋರು ಅವ್ರೊಬ್ರೇ. ಎಂಟನೇ ತಾರೀಖು ನಿಮ್ಮನೆಯಿಂದ ಒಂಟ್ರು. ಮದ್ಯಾನ ಮೂರಕ್ಕೆ ದಿಬ್ಬದ ತಳದಾಗೆ ಎಣವಾಗಿ ಸಿಕ್ರು. ಅನ್ನೊಂದನೇ ತಾರೀಖು ಪಟ್ಟಿಯಿಂದ ಆ ಉಡ್ಗನ ಎಸ್ರು ಮಾಯ. ಇನ್ಯಾರನ್ನ ಕೇಳ್ಲಿ ನಾನು?”

“ನನ್ನೇ ಕೇಳ್ಬೇಕು.” ಅವರು ತಲೆಯಾಡಿಸಿದರು. “ನಾನಾಗಿದ್ರೂ ನನ್ನೇ ಕೇಳ್ತಿದ್ದೆ. ಆದ್ರೆ ನಂಗೆ ಕಂಪ್ಯೂಟರ್ ಬರಲ್ಲ ಮೇಡಂ. ನೋಡಿ ನನ್ ಫೋನು.” ಜೇಬಿನಿಂದ ತೆಗೆದು ತೋರಿಸಿದ್ದು ಗುಂಡಿ ಒತ್ತುವ ಹಳೆಯ ಫೋನು. “ಅನ್ನೊಂದನೇ ತಾರೀಖು ಅತ್ತೂವರೆಯಿಂದ ಅನ್ನೆರಡರವರ್ಗೂ ಕೋದಂಡಪ್ಪನ ಸಮಾದಿ ಅತ್ರ ನಿಂತಿದ್ದೆ. ಮುನಿನಾರಾಯಣಮ್ಮ ಪಕ್ಕದಾಗೇ ಇದ್ರು. ಕೇಳ್ನೋಡಿ.”

“ಎಂಟನೇ ತಾರೀಖು?”

“ಅನ್ನೊಂದು ಗಂಟೆಗೆ ಇಲ್ಲಿಂದ ಎದ್ರು. ಮೆಟ್ಲು ಇಳ್ಯಕ್ಕೆ ನಾನೇ ಕೈ ಇಡ್ಕಂಡೆ. ಬಸ್‌ಸ್ಟ್ಯಾಂಡ್‌ವರ್ಗೂ ಬತ್ತೀನಿ ಅಂದ್ರೆ ಬ್ಯಾಡ ಅಂದ್ರು. ಕೆಳ್ಗೆ ಸ್ಕೂಟರ್ ಬಂದು ಕಾಯ್ತಿತ್ತು.”

ಇಂದ್ರಾಣಿಯ ಬೆನ್ನು ನೆಟ್ಟಗಾಯಿತು. “ಯಾರ ಸ್ಕೂಟರು?”

“ನಮ್ ಬೀಗ್ರುದು.”

“ಯಾವ ಬೀಗ್ರು?”

ಮೇಷ್ಟ್ರು ಅವಳನ್ನು ವಿಚಿತ್ರವಾಗಿ ನೋಡಿದರು. “ನಿಮ್ಗೆ ಕಲ್ಪನ ಏಳಿಲ್ವಾ? ನನ್ ಮಗ ಸಾಯಿಕುಮಾರ್‌ಗೂ ಅವ್ರ ಮಗ್ಳು ಲಿಖಿತಂಗೂ ಮಾತಾಗೈತೆ. ಮೇ ತಿಂಗ್ಳಾಗೆ ಮದ್ವೆ. ಪತ್ರಿಕೆ ಪ್ರಿಂಟಾಗೋದೊಂದು ಬಾಕಿ.”

ಇಂದ್ರಾಣಿ ಕನ್ನಡಕವನ್ನು ಮತ್ತೆ ಹಾಕಿಕೊಂಡಳು. ಎರಡು ವಾರದಿಂದ ತನ್ನ ಪಕ್ಕದಲ್ಲಿ ಬಸ್ಸಿನಲ್ಲಿ, ಆಟೋದಲ್ಲಿ, ಅಂಗಡಿಯಲ್ಲಿ ಕೂತಿದ್ದ ಹೆಂಗಸು ಈ ಒಂದು ಮಾತನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದ್ದಳು.

“ಕೋದಂಡಪ್ಪಂಗೆ ಈ ಮದ್ವೆ ಇಷ್ಟ ಇತ್ತಾ?”

“ಅವ್ರೇ ಕುದ್ರಿಸಿದ್ದು. ಆದ್ರೆ ಅವತ್ತು ಓಗೋವಾಗ ಅಂದ್ರು. ‘ನೀನು ಆ ತಾಯಿಗೆ ಏಳೋವರ್ಗೂ ನನ್ ಮೊಮ್ಮಗ್ಳನ್ನ ಈ ಎಸ್ರಿನ ಮನೆಗೆ ಕಳ್ಸಲ್ಲ’ ಅಂತ. ಮಗ್ಳಿಗೂ ಮೊಮ್ಮಗ್ಳಿಗೂ ಏಳ್ಬಿಟ್ಟಿದ್ದೀನಿ ಅಂದ್ರು.”

“ಸ್ಕೂಟರ್‌ನಾಗೆ ಬಂದಿದ್ದು ಕಲ್ಪನಾನೇನಾ?”

“ಮೇಲಿಂದ ನೋಡ್ದೆ. ನೀಲಿ ಸ್ಕೂಟರು ಅವ್ರುದೇ. ಎಲ್ಮೆಟ್ ಆಕಿದ್ರು, ಎಂಗಸು. ಇನ್ಯಾರು ಬತ್ತಾರೆ?”

ಇಂದ್ರಾಣಿ ಹಾಳೆಗಳನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಎದ್ದಳು. ಬಾಗಿಲಲ್ಲಿ ಮೇಷ್ಟ್ರು ಕೇಳಿದರು: “ನನ್ನ ವಿಸ್ಯ ಯಾರಿಗೆ ಏಳ್ತೀರಾ?”

“ನಾನ್ಯಾಕೆ ಏಳ್ಲಿ? ಏಳ್ಬೇಕಾದೋರು ನೀವು. ಯುಗಾದಿಗೆ ಇನ್ನು ಮೂರೇ ದಿನ.”

*

ಇಳಿಯುವಾಗ ಮಂಡಿ ಇನ್ನೂ ಹೆಚ್ಚು ನೋಯುತ್ತಿತ್ತು. ಗೋಡೆಗೆ ಕೈಯಿಟ್ಟು ಒಂದೊಂದೇ ಮೆಟ್ಟಿಲು ಇಳಿದಳು. ಕೇಸು ಬಿಡಿಸಿಕೊಳ್ಳುತ್ತಿದೆ ಎಂಬ ಉತ್ಸಾಹ ಒಂದು ಕಾಲಕ್ಕೆ ಅವಳಿಗಿತ್ತು. ಈಗ ಬಿಡಿಸಿಕೊಂಡ ಮೇಲೆ ಯಾರ ಮನೆಯಲ್ಲಿ ಏನು ಮುರಿಯುತ್ತದೆ ಎಂಬುದೇ ಮೊದಲು ಕಾಣುತ್ತಿತ್ತು. ಮುನಿನಾರಾಯಣಮ್ಮನ ಒಣಗಿದ ಕಣ್ಣು ನೆನಪಾಯಿತು. ಆಕೆಗೆ ಇನ್ನು ಉಳಿದಿರುವವರು ಮಗಳು, ಮೊಮ್ಮಗಳು ಇಬ್ಬರೇ.

ಆಟೋದಲ್ಲಿ ಕಲ್ಪನ ಫೋನು ಕಿವಿಗೆ ಹಿಡಿದು ಕೂತಿದ್ದಳು. ಇಂದ್ರಾಣಿಯನ್ನು ಕಂಡು ಕೆಳಗಿಳಿಸಿದಳು.

“ಏನಂದ್ರು ಮೇಡಂ?”

ಇಂದ್ರಾಣಿ ಪಕ್ಕದಲ್ಲಿ ಕೂತು, ಕಾಲು ಸರಿಮಾಡಿಕೊಂಡಳು.

“ನಿಮ್ಮ ಬೀಗ್ರು ಚೆನ್ನಾಗವ್ರೆ.”

ಕಲ್ಪನ ಫೋನನ್ನು ಮಡಿಲಿಗೆ ಹಾಕಿಕೊಂಡಳು. ಆಟೋದವನು ಕೀ ತಿರುಗಿಸಲು ಕೈ ಹಾಕಿದ. ಇಂದ್ರಾಣಿ ಬೇಡವೆಂದು ಸನ್ನೆ ಮಾಡಿದಳು. ಅವನು ಅರ್ಥವಾದವನಂತೆ ಇಳಿದು ಎದುರಿನ ಟೀ ಅಂಗಡಿಗೆ ನಡೆದ.

“ಪಟ್ಟಿಯಿಂದ ಆ ಎಸ್ರು ತೆಗ್ದಿದ್ದು ನೀನೇ.”

“ನಾನೇ.” ದನಿ ಕೇಳಿಸದಷ್ಟು ಸಣ್ಣಗಿತ್ತು. “ಹಾಲುತುಪ್ಪಕ್ಕೆ ಎಲ್ರೂ ಹೊಲದಲ್ಲಿರೋ ಸಮಾಧಿ ಹತ್ರ ಹೋಗಿದ್ರು. ಅಡಿಗೆ ನೋಡ್ಕೊಳಕ್ಕೆ ಅಂತ ನಾನು ಮನೇಲುಳಿದೆ. ಪುಟ ಅಳಿಸ್ಬಿಡಾನ ಅಂದ್ಕೊಂಡೆ. ಅಪ್ಪ ಬರ್ದಿದ್ದು… ಕೈ ಬರ್ಲಿಲ್ಲ.”

“ಯಾಕೆ ತೆಗ್ದೆ?”

“ಮದುವೆ ಗೊತ್ತಾಗಿದೆ ಮೇಡಂ. ಊರೆಲ್ಲ ಹೇಳ್ಕೊಂಡಾಗಿದೆ.”

“ಬರೀ ಅದಕ್ಕಾ?”

ಕಲ್ಪನ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

“ಎಂಟನೇ ತಾರೀಖು ನಿನ್ ಸ್ಕೂಟರ್ ಈ ಬೀದಿನಾಗೆ ನಿಂತಿತ್ತು ಕಲ್ಪನ. ನಿಮ್ಮಪ್ಪ ಅದ್ರ ಮೇಲೆ ಕೂತೋದ್ರು. ಮೇಷ್ಟ್ರು ನೋಡವ್ರೆ.”

“ಅವತ್ತು ನಾನು ಬೆಳಿಗ್ಗೆ ಎಂಟರಿಂದ ಲ್ಯಾಬಲ್ಲಿದ್ದೆ. ನಲವತ್ತು ಜನದ ಬ್ಲಡ್ ತೆಗ್ದಿದ್ದೀನಿ. ಆಸ್ಪತ್ರೇಲಿ ಯಾರನ್ನ ಬೇಕಾದ್ರೂ ಕೇಳಿ. ಪೊಲೀಸ್ರು ಫೋನ್ ಮಾಡ್ದಾಗಲೂ ಅಲ್ಲೇ ಇದ್ದೆ.” ಅವಳು ತಲೆಯೆತ್ತಿದಳು. ಕಣ್ಣು ತುಂಬಿದ್ದವು. “ನಾನು ಬಸ್ಸಲ್ಲಿ ಹೋಗಿದ್ದೆ ಮೇಡಂ. ಸ್ಕೂಟರ್ ತಗೊಂಡೋಗಿದ್ದು ಲಿಖಿತ.”

ಇಂದ್ರಾಣಿಗೆ ಲಿಖಿತಳ ಮುಖ ನೆನಪಾಯಿತು. ಮನೆಗೆ ಹೋದಾಗಲೆಲ್ಲ ಬಾಗಿಲ ಹಿಂದೆ ನಿಂತು, ಟೀ ಲೋಟ ಇಟ್ಟು, ಒಂದು ಮಾತೂ ಆಡದೆ ಒಳಗೆ ಹೋಗುತ್ತಿದ್ದ ಇಪ್ಪತ್ತೆರಡು ವರ್ಷದ ಹುಡುಗಿ.

“ಅವ್ಳು ಒಪ್ಕೊಂಡ್ಳಾ?”

“ಏನೂ ಹೇಳಲ್ಲ. ಅವತ್ತು ಸಂಜೆ ನಾನು ಮನೆಗೆ ಬಂದಾಗ ಸ್ಕೂಟರ್ ತೊಳೀತಿದ್ಲು. ಚಕ್ರಕ್ಕೆಲ್ಲ ಬೂದಿ ಬಣ್ಣದ ಮರಳು ಮೆತ್ಕೊಂಡಿತ್ತು. ಆ ದಿಬ್ಬದ ಮರಳು ಮೇಡಂ, ನಾನು ಹುಟ್ಟಿದಾಗಿಂದ ನೋಡಿದ್ದೀನಿ, ನನಗೆ ಗೊತ್ತಾಗಲ್ವಾ? ನಾನೇ ಪೈಪ್ ಇಸ್ಕೊಂಡು ಪೂರ್ತಿ ತೊಳೆದೆ. ಒಂದು ಮಾತೂ ಕೇಳ್ಲಿಲ್ಲ. ಕೇಳಿದ್ರೆ ಹೇಳ್ಬಿಡ್ತಾಳೆ ಅಂತ ಭಯ.”

“ನಿಮ್ಮಮ್ಮಂಗೆ ಗೊತ್ತಾ?”

“ಗೊತ್ತಿದ್ರೆ ನಿಮ್ಮ ಹತ್ರ ಬರ್ತಿದ್ರಾ?” ಕಲ್ಪನ ಇಂದ್ರಾಣಿಯ ಕೈ ಹಿಡಿದುಕೊಂಡಳು. ಬೆರಳುಗಳು ತಣ್ಣಗಿದ್ದವು. “ಅಮ್ಮಂಗೆ ಹೇಳ್ಬೇಡಿ ಮೇಡಂ.”

ಇಂದ್ರಾಣಿ ಕೈ ಬಿಡಿಸಿಕೊಳ್ಳಲಿಲ್ಲ. ಹಿಡಿಯಲೂ ಇಲ್ಲ.

“ಲಿಖಿತ ಈಗೆಲ್ಲವ್ಳೆ?”

“ಅದೇ… ಮಧ್ಯಾಹ್ನದಿಂದ ಫೋನ್ ಮಾಡ್ತಾನೇ ಇದ್ದೀನಿ. ನೀವು ಸುಧಾಕರ್ ಅಂಗಡೀಲಿ ಪ್ರಿಂಟ್ ತೆಗಿಸ್ತಿದ್ದಾಗ ಹೊರಗೆ ಬಂದು ಮಾಡಿದ್ದೆ, ಒಂದ್ಸಲ ತೆಗೆದ್ಲು. ‘ಅವ್ರಿಗೆ ಆ ಪುಟ ಸಿಕ್ಬಿಡ್ತು ಕಣೇ’ ಅಂದೆ. ಅಷ್ಟೇ, ಇಟ್ಬಿಟ್ಲು. ಈಗ ಸ್ವಿಚಾಫ್ ಬರ್ತಿದೆ. ಪಕ್ಕದ ಮನೆಯವ್ರಿಗೆ ಮಾಡ್ದೆ, ಸ್ಕೂಟರ್ ತಗೊಂಡು ಹೊರಟೋದ್ಲು ಅಂದ್ರು.”

“ಯಾವ ಕಡೆ ಓದ್ಲಂತೆ?”

ಕಲ್ಪನ ಇಂದ್ರಾಣಿಯ ಕಡೆಗೆ ತಿರುಗಿದಳು.

“ಅವ್ರನ್ನ ದಾರಿ ಕೇಳಿದ್ಲಂತೆ ಮೇಡಂ. ನೇರಳಗುಂಟೇಲಿ ಚಿಕ್ಕವೆಂಕಟಮ್ಮನ ಮನೆ ಎಲ್ಲಿ, ಆ ಅಜ್ಜಿ ಜೊತೆ ಮನೇಲಿ ಬೇರೆ ಯಾರಾದ್ರೂ ಇರ್ತಾರಾ ಅಂತ.”